ಅತ್ತೆ ಕೆಚ್ಚಿದ ಕ್ಯಾಸೆಟ್ಟು

ಈಗ ಬೂದಿಯನ್ನೂ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಹೋದ ತಿಂಗಳು ನಮ್ಮ ಮನೆಯವರು ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ್ದರು. ಪಾತ್ರೆ ತೊಳೆಯುವುದಕ್ಕೆ ಶುದ್ಧ ಕಟ್ಟಿಗೆ ಬೂದಿಯಂತೆ, ಮೇಲೊಂದು ಹಸಿರೆಲೆಯ ಚಿತ್ರ ಬೇರೆ. ನಮ್ಮೂರಲ್ಲಿ ತಿಪ್ಪೆಗೆ ಸುರಿಯುತ್ತಿದ್ದದ್ದನ್ನು ಇವರು ಮನೆ ಬಾಗಿಲಿಗೆ ತರಿಸಿಕೊಂಡಿದ್ದಾರಲ್ಲ ಎಂದು ರೇಗಿಸುತ್ತಲೇ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದೆ. ಸಣ್ಣಗೆ ಮೇಲೆದ್ದ ಆ ಪುಡಿ ಮೂಗಿಗೆ ಬಡಿಯಿತು. ತೆಂಗಿನ ಚಿಪ್ಪು, ಅದರ ತುಂಬ ಜರಡಿ ಹಿಡಿದ ಒಲೆ ಬೂದಿ, ಅದರಲ್ಲಿ ಅದ್ದಿ ಅದ್ದಿ ಬೆಳ್ಳಗಾದ ಎರಡು ಬೆರಳು... ಹಿಂದಿನ ಮನೆ ಅತ್ತೆ. ಎಷ್ಟೋ ದಿನದಿಂದ ಮನಸ್ಸಿಗೆ ಬಾರದವಳು ಸಿಂಕಿನ ಮುಂದೆ ಬಂದು ನಿಂತ ಹಾಗಾಯಿತು.

ಬಂದವಳು ಸುಮ್ಮನೆ ಹೋಗಲಿಲ್ಲ. ಅದೇ ವಾರ ನನ್ನ ಫೋನಿಗೆ ಒಂದು ಮೆಸೇಜು ಬಂತು. ಒಂದು ಹಳೇ ಸಿನಿಮಾದ ಹಿನ್ನೆಲೆ ಸಂಗೀತ ನನ್ನ ಫೋನಿನಲ್ಲಿದೆ. ಹಾಡುಗಳಲ್ಲ, ಬರೀ ಹಿನ್ನೆಲೆ ಸಂಗೀತ. ಕ್ಯಾಸೆಟ್ಟಿನಲ್ಲಿದ್ದದ್ದನ್ನು ದೊಡ್ಡಬಳ್ಳಾಪುರದ ಒಂದು ಫೋಟೋ ಸ್ಟುಡಿಯೋದವರ ಕೈಯಲ್ಲಿ ಕಾಪಿ ಮಾಡಿಸಿ ಇಟ್ಟುಕೊಂಡದ್ದು. ಹಾಡು ಕೇಳುವ ಆ್ಯಪ್ ಅದೆಂತು ಗುರುತು ಹಿಡಿಯಿತೋ ಏನೋ, ಈ ಆಲ್ಬಂ ಈಗ ರೀಮಾಸ್ಟರ್ ಆಗಿದೆ, ಮೂಲ ರೆಕಾರ್ಡಿಂಗ್ ಸಿಕ್ಕಿದೆ, ಗರಗರ ಸದ್ದೆಲ್ಲ ತೆಗೆದು ಪೂರ್ತಿಯಾಗಿ ಕೊಟ್ಟಿದ್ದೇವೆ, ನಿಮ್ಮ ಹಳೇ ಪ್ರತಿಯ ಜಾಗದಲ್ಲಿ ಇದನ್ನು ಕೂರಿಸಬಹುದೇ ಎಂದು ಕೇಳುತ್ತಿತ್ತು. ಕೆಳಗೆ ಎರಡೇ ಮಾತು: ಸರಿ, ಬೇಡ.

ಇದೇನು ಮಹಾ ವಿಷಯ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿ ‘ಸರಿ’ಯ ಮೇಲೆ ಬೆರಳಿಟ್ಟಿದ್ದೆ. ಆಗ ‘ಪೂರ್ತಿಯಾಗಿ’ ಎನ್ನುವ ಮಾತು ಕಣ್ಣಿಗೆ ಬಿತ್ತು. ನನ್ನ ಹತ್ತಿರ ಇರುವುದು ಪೂರ್ತಿ ಅಲ್ಲ. ನಡುವೆ ಒಂದು ಕಡೆ ಒಂದಷ್ಟು ಇಲ್ಲ. ಅದು ಟೇಪು ಹರಿದಾಗ ಹೋದದ್ದು ಎಂದೇ ನನ್ನ ನೆನಪು, ಆದರೆ ಹೋದದ್ದು ಹೋಗಲಿ ಎಂದವಳು ಅತ್ತೆ. ಅವಳು ಬೇಡ ಎಂದದ್ದನ್ನು ನಾನು ವಾಪಸು ಸೇರಿಸಬಹುದೋ ಬಾರದೋ... ಬೆರಳು ಹಿಂದಕ್ಕೆ ತೆಗೆದುಕೊಂಡೆ. ಆವತ್ತಿನಿಂದ ಶುರುವಾದ ಗೊಂದಲ ಇದು.

ಅತ್ತೆ ನಮಗೆ ನೆಂಟಳಲ್ಲ. ನಮ್ಮಪ್ಪನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಅತ್ತೆ, ಅಷ್ಟೇ ಸಂಬಂಧ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗ ಇಲ್ಲದ ಮನೆ ಇರಲಿಲ್ಲ. ಮುಂದುಗಡೆ ಪವರ್‌ಲೂಮು, ಹಿಂದುಗಡೆ ಅಡುಗೆ ಮನೆ, ಮಧ್ಯೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಸಂಸಾರ. ಅತ್ತೆಗೆ ಸ್ವಂತ ಮಗ್ಗ ಇರಲಿಲ್ಲ. ಅವಳ ಗಂಡ ಹಿಂದೂಪುರದ ಕಡೆಯವನು, ಕೂಲಿಗೆ ಮಗ್ಗ ಓಡಿಸುತ್ತಿದ್ದ. ಅವಳು ಮನೆಮನೆಗೆ ಹೋಗಿ ಹಾಸು ಕೆಚ್ಚುತ್ತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತಾ ಬಂದಾಗ ಹಳೇ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ತಂದು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ. ಗಂಟು ಹಾಕುವ ಹಾಗಿಲ್ಲ, ಬರೀ ಹೊಸೆಯುವುದು. ಮಗ್ಗದ ಹಿಂದೆ ಕಾಲು ಮಡಚಿ ಕೂತಳೆಂದರೆ ಆಯಿತು, ಅವಳಿಗೂ ಲೋಕಕ್ಕೂ ಸಂಬಂಧ ಇರುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಕೂಗಿದರೂ ಕೇಳುತ್ತಿರಲಿಲ್ಲ, ಅಷ್ಟು ಮಗ್ಗದ ಸದ್ದು. ಯಾರ ಮನೆಗಾದರೂ ಹೋದರೆ ಬಾಗಿಲಲ್ಲಿ ಬೆಳಕಿಗೆ ಅಡ್ಡ ನಿಲ್ಲಬೇಕು. ನಿಂತವರ ನೆರಳು ಹಾಸಿನ ಮೇಲೆ ಬೀಳುತ್ತದೆ, ಒಳಗಿರುವವರು ತಲೆಯೆತ್ತುತ್ತಾರೆ, ಕೈಸನ್ನೆಯಲ್ಲಿ ಮಾತು ಮುಗಿಯುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳು ಮೊದಮೊದಲು ಯಾರ ಮನೆಗೆ ಹೋದರೂ ಬಾಯಿಬಿಡದೆ ಬಾಗಿಲಲ್ಲಿ ನಿಂತುಬಿಡುತ್ತಾರೆ. ನಾನೂ ನಿಂತಿದ್ದೇನೆ. ನಮ್ಮ ನಾದಿನಿ ಇವತ್ತಿಗೂ ಅದನ್ನು ಆಡಿಕೊಂಡು ನಗುತ್ತಾಳೆ.

ಕರೆಂಟು ಹೋದಾಗ ಮಾತ್ರ ನಮ್ಮ ಕಿವಿ ನಮಗೆ ವಾಪಸು ಸಿಗುತ್ತಿತ್ತು. ಆ ವರ್ಷಗಳಲ್ಲಿ ಕರೆಂಟು ಹೋಗುವುದಕ್ಕೆ ಬರ ಇರಲಿಲ್ಲ. ಮಗ್ಗಗಳು ಒಂದೇ ಸಲ ನಿಂತಾಗ ಬೀದಿಯಲ್ಲಿ ನಾಯಿ ಬೊಗಳುವುದು, ಮಗು ಅಳುವುದು ಎಲ್ಲ ಹೊಸದಾಗಿ ಕೇಳಿಸುತ್ತಿತ್ತು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಶುರುವಾದ ಮೇಲೆ ವಿಮಾನಗಳು ನಮ್ಮ ತಲೆಯ ಮೇಲೆ ಹಾದುಹೋಗುವುದೂ ನಮಗೆ ಗೊತ್ತಾದದ್ದು ಕರೆಂಟು ಹೋದಾಗಲೇ. ಅಂಥ ಹೊತ್ತಿನಲ್ಲಿ ಅತ್ತೆ ತನ್ನ ಟೇಪ್ ರೆಕಾರ್ಡರಿಗೆ ಶೆಲ್ಲು ಹಾಕಿ ಜಗುಲಿಗೆ ತರುತ್ತಿದ್ದಳು. ಗಂಡಸರು ಬೀಡಿ ಹಚ್ಚಿ ದೂರ ಕೂರುವರು, ಹೆಂಗಸರು ಮಕ್ಕಳೆಲ್ಲ ಅವಳ ಸುತ್ತ.

ಆ ಕ್ಯಾಸೆಟ್ಟು ಅವಳಿಗೆ ಬಂದದ್ದೇ ಒಂದು ತಮಾಷೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೇಲಿನ ಚಿತ್ರ ನೋಡಿ ಕೊಂಡಿದ್ದಳು. ಒಬ್ಬಳು ಚೆಂದದ ಹುಡುಗಿ, ಹಿಂದೆ ರೈಲು. ಹಾಡು ಚೆನ್ನಾಗಿರುತ್ತವೆ ಎಂದುಕೊಂಡು ಮನೆಗೆ ಬಂದು ಹಾಕಿದರೆ ಹಾಡೇ ಇಲ್ಲ. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು, ಬರೀ ಕೊಳಲು, ಪಿಟೀಲು, ಮೃದಂಗ, ಕೊನೆಯಲ್ಲಿ ನಾಗಸ್ವರ. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಬೀದಿಯವರೆಲ್ಲ ನಕ್ಕರು. ಸೋಲುವ ಹೆಂಗಸಲ್ಲ ಅವಳು, ಈ ಸಿನಿಮಾ ನಾನು ನೋಡಿದ್ದೇನೆ, ಬನ್ನಿ, ಸಂಗೀತಕ್ಕೆ ಸರಿಯಾಗಿ ಕತೆ ಹೇಳುತ್ತೇನೆ ಎಂದಳು. ಅವಳು ನೋಡಿರಲಿಲ್ಲ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಸಿನಿಮಾದ ಪ್ರಿಂಟೇ ಈಗ ಎಲ್ಲೂ ಉಳಿದಿಲ್ಲವಂತೆ.

ಕತೆಯಲ್ಲಿ ಒಬ್ಬಳು ಹುಡುಗಿ, ಮಗ್ಗದ ಮನೆಯವಳು. ಅತ್ತೆಯ ಸಿನಿಮಾದಲ್ಲಿ ಬೇರೆ ಯಾವ ಮನೆಯ ಹುಡುಗಿ ಇರಲು ಸಾಧ್ಯ? ಕೊಳಲು ಬಂದರೆ ಬೆಳಗಾಯಿತು, ಹುಡುಗಿ ನೀರು ಸೇದುತ್ತಿದ್ದಾಳೆ. ಜೋರಾಗಿ ಡೋಲು ಬಂದರೆ ಅಪ್ಪನಿಗೂ ಮಗಳಿಗೂ ಜಗಳ, ಅವಳು ಮೆಚ್ಚಿದ ಹುಡುಗ ಅವನಿಗೆ ಬೇಡ. ಆಮೇಲೆ ಪಿಟೀಲು, ಒಂದೇ ಒಂದು ಪಿಟೀಲು, ಹುಡುಗಿ ಬಟ್ಟೆಗಂಟು ಹಿಡಿದು ರೈಲು ಸ್ಟೇಷನ್ನಿನಲ್ಲಿ ಕಾಯುತ್ತಾ ಕೂತಿದ್ದಾಳೆ. ಅದು ಮುಗಿಯುತ್ತಿದ್ದಂತೆ ಮೃದಂಗದ ಸದ್ದು, ಟೊಕ್ಕು... ಟೊಕ್ಕು ಟೊಕ್ಕು. ಅತ್ತೆ ಧ್ವನಿ ಇಳಿಸುತ್ತಿದ್ದಳು. ಅದು ಅಪ್ಪ. ಕೋಲು ಊರಿಕೊಂಡು ಮಗಳನ್ನು ಹುಡುಕಿಕೊಂಡು ಬರುತ್ತಿದ್ದಾನೆ. ಹಿಂದೆ ಬಂದು ನಿಲ್ಲುತ್ತಾನೆ. ಹುಡುಗಿ ತಿರುಗಿ ನೋಡುತ್ತಾಳೆ. ಸರಿಯಾಗಿ ಅಲ್ಲಿಗೆ ನಾಗಸ್ವರ ಶುರುವಾಗುತ್ತಿತ್ತು. ಅಪ್ಪನೇ ನಿಂತು ಧಾರೆ ಎರೆದುಕೊಟ್ಟ ಎಂದು ಅತ್ತೆ ಹೇಳುವಷ್ಟರಲ್ಲಿ ಹೆಂಗಸರೆಲ್ಲ ಸೆರಗಲ್ಲಿ ಕಣ್ಣೊರೆಸುತ್ತಿದ್ದರು.

ಅವರು ಅಳುತ್ತಿದ್ದದ್ದು ಯಾಕೆ ಎಂದು ನನಗೆ ಬಿಟ್ಟು ಬೀದಿಗೆಲ್ಲ ಗೊತ್ತಿತ್ತು. ಅತ್ತೆಯ ತವರು ಅದೇ ಊರಿನ ಇನ್ನೊಂದು ತುದಿಯಲ್ಲಿತ್ತು. ಅವಳು ಅಪ್ಪನಿಗೆ ಬೇಡದವನನ್ನು ಘಾಟಿಯ ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ಮದುವೆ ಮಾಡಿಕೊಂಡವಳು. ಅವಳಪ್ಪ ಬರಲಿಲ್ಲ. ಆಮೇಲೂ ಸಂತೆಯಲ್ಲಿ ಎದುರಾದರೆ ಆ ಮುದುಕ ರಸ್ತೆಯ ಆ ಪಕ್ಕಕ್ಕೆ ಹೋಗಿಬಿಡುತ್ತಿದ್ದನಂತೆ. ಇದೆಲ್ಲ ನನಗೆ ಆಮೇಲಾಮೇಲೆ ತಿಳಿದದ್ದು.

ಒಂದು ದಿನ ಕ್ಯಾಸೆಟ್ಟು ಹರಿಯಿತು. ರೆಕಾರ್ಡರು ಟೇಪನ್ನು ಅಗಿದು ಹಾಕಿತ್ತು. ಪೆನ್ಸಿಲ್ ತೂರಿಸಿ ಟೇಪನ್ನು ಹೊರಗೆ ಎಳೆದ ಅತ್ತೆ ಹರಿದ ಎರಡು ತುದಿ ನೋಡಿ, ಇಷ್ಟೇ ತಾನೇ ಎಂದಳು. ಚಿಪ್ಪಿನ ಬೂದಿಗೆ ಬೆರಳು ಅದ್ದಿದಳು, ಎರಡು ತುದಿ ಜೊತೆಗಿಟ್ಟು ರೇಷ್ಮೆ ಎಳೆಯನ್ನು ಹೊಸೆಯುವ ಹಾಗೆ ಹೊಸೆದೇಬಿಟ್ಟಳು. ಸುತ್ತ ಕೂತವರು ಯಾರೂ ಬೇಡ ಎನ್ನಲಿಲ್ಲ. ಹರಿದ ಎಳೆಗೆ ಇರುವ ಮದ್ದು ಅದೊಂದೇ, ನಮಗೆಲ್ಲ ಅದು ಸರಿಯಾಗಿಯೇ ಕಂಡಿತ್ತು. ಹಾಕಿದರೆ ಕಿರ್ ಎಂದು ಕಿರುಚಿ ರೆಕಾರ್ಡರು ಇನ್ನಷ್ಟು ಟೇಪು ನುಂಗಿತು. ಆಮೇಲೆ ಯಾರೋ ಗಮ್ ಟೇಪು ತಂದುಕೊಟ್ಟರು, ನಜ್ಜುಗುಜ್ಜಾದ ತುಂಡು ಕತ್ತರಿಸಿ ಅಂಟಿಸಿದ್ದಾಯಿತು. ಆದರೆ ಬೂದಿ ಒಳಗೆ ಸೇರಿತ್ತಲ್ಲ, ಅಲ್ಲಿಂದ ಮುಂದೆ ಆ ಕ್ಯಾಸೆಟ್ಟಿನಲ್ಲಿ ಸರ್ ಸರ್ ಎಂದು ಒಂದು ಸದ್ದು ಉಳಿದುಹೋಯಿತು. ಅತ್ತೆ ಅದಕ್ಕೂ ಸೋಲಲಿಲ್ಲ. ಸ್ಟೇಷನ್ನಿನಲ್ಲಿ ಮಳೆ ಬರುತ್ತಿದೆ ಎಂದಳು. ಇವತ್ತಿಗೂ ನನಗೆ ಆ ಸದ್ದು ಮಳೆಯೇ.

ಮತ್ತೆ... ಇಲ್ಲಿ ನನ್ನ ನೆನಪು ಸ್ವಲ್ಪ ಕಲಸಿಕೊಂಡಿದೆ. ಟೇಪು ಹರಿದ ಮೇಲೆ ಕತೆಯಲ್ಲಿ ಅಪ್ಪ ಇರಲಿಲ್ಲ. ಪಿಟೀಲು ಕೊನೆಯ ಎಳೆತದಲ್ಲಿರುವಾಗಲೇ ಟಕ್ ಎಂದು ಒಂದು ಸಣ್ಣ ಸದ್ದು, ಮರುಕ್ಷಣ ನಾಗಸ್ವರ. ಟೊಕ್ಕು ಟೊಕ್ಕು ಇಲ್ಲವೇ ಇಲ್ಲ. ಹುಡುಗಿ ಸ್ಟೇಷನ್ನಿನಿಂದ ನೇರವಾಗಿ ಮದುವೆ ಮಂಟಪಕ್ಕೆ ಬಂದು ಬಿದ್ದಿದ್ದಳು. ನನಗೆ ಸಿಟ್ಟು ಬಂದಿತ್ತು. ಅಪ್ಪ ಎಲ್ಲಿ ಎಂದು ಕೇಳಿದೆ. ಟೇಪು ಹರಿಯಿತಲ್ಲ ಎಂದಳು. ಟೇಪು ಹರಿದರೆ ಏನಂತೆ, ಕತೆಯಲ್ಲಿ ಹೇಳು ಎಂದು ಹಟ ಮಾಡಿದೆ. ಅತ್ತೆ ರೆಕಾರ್ಡರಿನ ಮೂತಿಯನ್ನು ಸೆರಗಲ್ಲಿ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

“ಯಾರೂ ಬರ್ಲಿಲ್ಲ ಕಣವ್ವ. ಅವಳೇ ಹೋಗಿ ಮದ್ವೆ ಮಾಡ್ಕೊಂಡ್ಲು.”

ಅದಾದ ಮೇಲೆ ಎಷ್ಟು ಸಲ ಕರೆಂಟು ಹೋದರೂ ಕತೆ ಹಾಗೇ ಇತ್ತು. ಹೆಂಗಸರು ಅಳುವುದೂ ನಿಂತಿತು. ಜನ ಕಡಿಮೆಯಾದರು. ಆಮೇಲೆ ಬೀದಿಯೇ ಬದಲಾಯಿತು. ವಿಮಾನ ನಿಲ್ದಾಣದಲ್ಲಿ ಕೆಲಸ ಇದೆ ಎಂದು ಹುಡುಗರು ಬಸ್ಸು ಹತ್ತಿದರು, ಮಗ್ಗ ಓಡಿಸುವವರು ಸಿಗದೆ ಒಬ್ಬೊಬ್ಬರೇ ಮಗ್ಗ ಬಿಚ್ಚಿ ತೂಕಕ್ಕೆ ಹಾಕಿದರು. ಮಗ್ಗವೇ ಇಲ್ಲದ ಮೇಲೆ ಕೆಚ್ಚುವವರಿಗೇನು ಕೆಲಸ. ಅತ್ತೆಯ ಗಂಡನಿಗೆ ನೆಲಮಂಗಲದ ಹತ್ತಿರ ಅರಿಶಿನಕುಂಟೆಯ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಸಾಮಾನು ಟೆಂಪೋಗೆ ಹೇರಿದ ದಿನ ಅತ್ತೆ ಕ್ಯಾಸೆಟ್ಟು ತಂದು ನನ್ನ ಕೈಯಲ್ಲಿಟ್ಟಳು. ರೆಕಾರ್ಡರು ಕೆಟ್ಟು ಮೂಲೆ ಸೇರಿತ್ತು. ನಿನಗೆ ಕತೆ ಗೊತ್ತಲ್ಲ, ಇಟ್ಟುಕೋ ಎಂದಳು. ನಾನು ತಲೆಯಾಡಿಸಿದೆ. ಯಾವ ಕತೆ ಎಂದು ಕೇಳಬೇಕಿತ್ತು... ಆಗ ಹೊಳೆಯಲಿಲ್ಲ.

ಅರಿಶಿನಕುಂಟೆ ಎಂದರೆ ಅಮೆರಿಕವೇನಲ್ಲ. ಎರಡು ಬಸ್ಸು ಬದಲಾಯಿಸಿದರೆ ಮುಗಿಯಿತು. ಹೋಗಬೇಕು ಹೋಗಬೇಕು ಎನ್ನುತ್ತಲೇ ನನ್ನ ಓದು ಮುಗಿಯಿತು, ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ದೇವನಹಳ್ಳಿಗೆ ಬಂದೆ. ಅತ್ತೆಗೆ ಮೈ ಸರಿಯಿಲ್ಲ ಎಂಬ ಸುದ್ದಿಯೂ ಅವಳು ತೀರಿಕೊಂಡ ಸುದ್ದಿಯೂ ನಮಗೆ ಒಟ್ಟಿಗೆ ಬಂದವು, ಅದೂ ಕಾರ್ಯ ಎಲ್ಲ ಮುಗಿದ ಮೇಲೆ. ಆವತ್ತು ರಜೆ ಹಾಕಿ ಮನೆಯಲ್ಲಿ ಕೂತು ಅತ್ತಿದ್ದೆ. ಅವಳ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಇದ್ದದ್ದು ಈ ಕ್ಯಾಸೆಟ್ಟು. ಅದಕ್ಕೂ ಬೂಷ್ಟು ಹಿಡಿದು ಈಗ ಉಳಿದಿರುವುದು ಫೋನಿನೊಳಗಿನ ಕಾಪಿ.

ಈಗ ಹೇಳಿ, ನಾನು ಯಾವುದನ್ನು ಒತ್ತಬೇಕಿತ್ತು?

ಆಫೀಸಿನಲ್ಲಿ ಪಕ್ಕದ ಸೀಟಿನವಳನ್ನು ಕೇಳಿದೆ. ರೀಮಾಸ್ಟರ್ ಅಂದ್ರೆ ಕ್ಲಾರಿಟಿ ಚೆನ್ನಾಗಿರುತ್ತೆ, ಸುಮ್ನೆ ತಗೊಳ್ಳಿ ಎಂದಳು. ಮನೆಯವರನ್ನು ಕೇಳಿದೆ. ಎರಡನ್ನೂ ಇಟ್ಟುಕೊಂಡರಾಯಿತು, ಹಳೇದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಡುತ್ತೇನೆ ಎಂದರು. ಎಲ್ಲಿ ಇಡುವುದು ಎನ್ನುವುದಲ್ಲ ನನ್ನ ಕಷ್ಟ, ಕೇಳಿಬಿಟ್ಟರೆ ಏನು ಮಾಡುವುದು ಎನ್ನುವುದು ಎಂದೆ. ಅವರು ನನ್ನನ್ನು ಒಂದು ಥರಾ ನೋಡಿ ಟೀವಿ ಕಡೆ ತಿರುಗಿದರು. ಅವರದ್ದೇನೂ ತಪ್ಪಿಲ್ಲ, ನನಗೇ ನನ್ನ ಮಾತು ಅರ್ಥವಾಗಿರಲಿಲ್ಲ. ಒಂದು ಗಳಿಗೆ, ಕತೆಯ ಮುದುಕ ಪಾಪ ಬಂದುಬಿಡಲಿ, ಎಷ್ಟು ವರ್ಷ ಅಂತ ಹೊರಗೆ ನಿಂತಿರುತ್ತಾನೆ ಅನ್ನಿಸುತ್ತಿತ್ತು. ಇನ್ನೊಂದು ಗಳಿಗೆ, ಅತ್ತೆಯೇ ಬೇಡ ಎಂದವನನ್ನು ಒಳಗೆ ಕರೆಯಲು ನಾನ್ಯಾರು ಅನ್ನಿಸುತ್ತಿತ್ತು. ಮೆಸೇಜು ಮಾತ್ರ ದಿನಾ ಬಾಗಿಲು ಬಡಿಯುತ್ತಿತ್ತು.

ಹೀಗಿರುವಾಗ ಅಮ್ಮ ಊರಿಂದ ಬಂದಳು. ಸೊಪ್ಪು ಬಿಡಿಸುತ್ತಾ ಕೂತಿದ್ದವಳಿಗೆ ಎಲ್ಲ ಹೇಳಿದೆ. ಟೇಪು ಹರಿದ ದಿನ, ಬೂದಿಯಲ್ಲಿ ಹೊಸೆದದ್ದು, ಅಪ್ಪ ಬರುವ ಭಾಗ ಹೋದದ್ದು. ಅಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ನಿನ್ನ ತಲೆ, ಅದು ಎರಡು ಸಲ ಆಗಿದ್ದು ಎಂದಳು. ಹರಿದ ದಿನ ಕತೆಯ ಅಪ್ಪ ಎಲ್ಲಿಗೂ ಹೋಗಿರಲಿಲ್ಲವಂತೆ. ಮಳೆ ಸೇರಿಕೊಂಡಿತು, ಅಪ್ಪ ಮಳೆಯಲ್ಲೇ ಬರತೊಡಗಿದ. ಅವನ ಹತ್ತಿರ ಕೊಡೆ ಇತ್ತಾ ಎಂದು ನಾನೇ ಕೇಳಿದ್ದೆನಂತೆ. ಇರಲಿಲ್ಲ, ನೆನೆದುಕೊಂಡೇ ಬಂದ ಎಂದು ಅತ್ತೆ ಹೇಳಿದ್ದಳಂತೆ. ಅಮ್ಮ ಹೇಳಿದ ಮೇಲೆ ನನಗೂ ಕೊಡೆಯ ಮಾತು ಮಸುಕುಮಸುಕಾಗಿ ನೆನಪಾಯಿತು. ಇಷ್ಟು ವರ್ಷ ಎರಡು ದಿನವನ್ನು ಒಂದು ಮಾಡಿಕೊಂಡು ಕೂತಿದ್ದೆ. ಹಾಗಾದರೆ ಅಪ್ಪ ಹೋದದ್ದು ಯಾವಾಗ ಎಂದೆ.

ಅಮ್ಮ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ, ಬಂದಿದ್ದ ಕಣೆ ಎಂದಳು.

ನಿಜವಾಗಿಯೂ ಬಂದಿದ್ದನಂತೆ. ಕತೆಯಲ್ಲಲ್ಲ, ನಮ್ಮ ಮನೆಗೆ, ಅತ್ತೆಯ ಸ್ವಂತ ಅಪ್ಪ. ಆವತ್ತು ಅತ್ತೆ ನಮ್ಮ ಮಗ್ಗದ ಹಿಂದೆ ಕೂತು ಕೆಚ್ಚುತ್ತಿದ್ದಳು, ಅಕ್ಕಪಕ್ಕದ ಮಗ್ಗಗಳೆಲ್ಲ ಓಡುತ್ತಿದ್ದವು. ಆ ಮುದುಕ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತ. ಅವನೂ ನೇಕಾರನೇ, ಕೂಗಲಿಲ್ಲ, ಬೆಳಕಿಗೆ ಅಡ್ಡ ನಿಂತ. ನೆರಳು ಹಾಸಿನ ಮೇಲೆ, ಅತ್ತೆಯ ಕೈಯ ಮೇಲೆ ಬಿತ್ತು. ಎದುರಿಗೆ ಕೂತು ನೂಲು ಸುತ್ತುತ್ತಿದ್ದ ಅಮ್ಮ, ನೋಡು ನೋಡು ಎಂದು ಕೈಸನ್ನೆ ಮಾಡಿದಳಂತೆ. ಅತ್ತೆ ತಲೆಯೆತ್ತಲಿಲ್ಲ. ಮುದುಕ ನಿಂತ, ನಿಂತ, ಆಮೇಲೆ ಬೆಳಕು ಬಿಟ್ಟು ಹೊರಟುಹೋದ. ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡ.

ನೆರಳು ದಿನಕ್ಕೆ ಎಷ್ಟು ಬೀಳುತ್ತವೋ, ಯಾರೋ ಮಕ್ಕಳು ಅಂದುಕೊಂಡಿರಬೇಕು, ಅವಳಿಗೆ ಗೊತ್ತಾಗಿರಲಿಕ್ಕಿಲ್ಲ ಎಂದೆ ನಾನು. ಹಾಗೆ ಹೇಳುವಾಗ ನನ್ನ ಧ್ವನಿ ಬೇಡಿಕೊಳ್ಳುತ್ತಿರುವ ಹಾಗಿತ್ತು.

“ಕೋಲಿನ ನೆರಳು ಬಿತ್ತಲ್ಲ, ಅವಳ ಕೈ ನಿಂತೋಯ್ತು. ನಾನು ನೋಡಿದೀನಿ,” ಎಂದಳು ಅಮ್ಮ. “ಆಮೇಲೆ ಮತ್ತೆ ಹೊಸಿಯೋಕೆ ಶುರು ಮಾಡಿದ್ಲು. ಸಂಜೆ ಕೇಳಿದ್ರೆ, ಎಳೆ ಕೈಲಿತ್ತು ಅತ್ತಿಗೆ, ಅಂದ್ಲು. ಅಷ್ಟೇ. ಇನ್ನೊಂದ್ ಮಾತಾಡ್ಲಿಲ್ಲ.”

ಅಪ್ಪನ ಕಾರ್ಯಕ್ಕೂ ತವರಿನವರು ಅವಳನ್ನು ಕರೆಯಲಿಲ್ಲ. ಅದೆಲ್ಲ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮನ ಹತ್ತಿರ ಬ್ಲೇಡು ಇಸಿದುಕೊಂಡು ಹೋದಳಂತೆ. ಯಾತಕ್ಕೆ ಎಂದು ಅಮ್ಮ ಕೇಳಲಿಲ್ಲ. ಮುಂದಿನ ಸಲ ಕರೆಂಟು ಹೋದಾಗ ಟೇಪಿನಲ್ಲಿ ಟೊಕ್ಕು ಟೊಕ್ಕು ಇರಲಿಲ್ಲ, ಕತೆಯಲ್ಲಿ ಅಪ್ಪ ಇರಲಿಲ್ಲ.

ನಾನು ಎದ್ದು ಅಡುಗೆ ಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಸಿಟ್ಟು ಬಂದದ್ದು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತಿರುಗಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಎಳೆ ಜಾರಿದರೆ ಜಾರಲಿ, ಮತ್ತೆ ಹುಡುಕಿ ಸೇರಿಸಬಹುದಿತ್ತು, ಅವಳಿಗೆ ಅದು ಗೊತ್ತಿರಲಿಲ್ಲವೇ? ಅಷ್ಟು ವರ್ಷ ರಸ್ತೆಯ ಆ ಪಕ್ಕ ನಡೆದವನು ಒಂದು ದಿನ ಬಂದು ನಿಂತ ಮಾತ್ರಕ್ಕೆ ಇವಳೇ ಯಾಕೆ ತಿರುಗಬೇಕು ಎಂದೂ ಅನ್ನಿಸಿತು. ಎರಡೂ ಸರಿ ಅನ್ನಿಸುತ್ತಿತ್ತು, ಎರಡೂ ತಪ್ಪು ಅನ್ನಿಸುತ್ತಿತ್ತು. ಬೂದಿ ಪ್ಯಾಕೆಟ್ಟು ಅಲ್ಲೇ ಸಿಂಕಿನ ಪಕ್ಕ ಬಾಯಿ ತೆರೆದುಕೊಂಡಿತ್ತು.

ಹೊರಗೆ ಬಂದಾಗ ಅಮ್ಮ, ಆ ಹೊಸದರಲ್ಲಿ ಅವನು ಬರ್ತಾನಾ ಎಂದು ಕೇಳಿದಳು. ಬರುತ್ತಾನೆ ಎಂದೆ. ಹಾಕು, ಕೇಳೋಣ ಎಂದಳು. ಹಿಂದೆಮುಂದೆ ನೋಡಿದೆ. ನನ್ನ ಫೋನಿನ ಗೋಜಿಗೇ ಹೋಗದೆ ಮನೆಯವರ ಫೋನು ತೆಗೆದುಕೊಂಡು ಆ ಆಲ್ಬಂ ಹುಡುಕಿದೆ. ಅದರಲ್ಲಿ ಒಂದೊಂದು ತುಣುಕಿಗೂ ಹೆಸರು ಕೊಟ್ಟಿದ್ದರು. ಸ್ಟೇಷನ್ನಿನ ಪಿಟೀಲಿನ ಹೆಸರು ನಿಜಕ್ಕೂ ಸ್ಟೇಷನ್ನಿಗೆ ಸಂಬಂಧಪಟ್ಟದ್ದೇ ಆಗಿತ್ತು. ಚಿತ್ರ ನೋಡಿಯೇ ಅತ್ತೆ ಅದನ್ನು ಊಹಿಸಿದ್ದಳೇನೋ. ಅದರ ಕೆಳಗಿನ ಹೆಸರನ್ನು ಎರಡು ಸಲ ಓದಿದೆ. ‘ಕೋಳಿ ಕಳ್ಳ’ ಎಂದಿತ್ತು.

ಪಿಟೀಲು ಮೊದಲು ಬಂತು. ಮಳೆ ಇರಲಿಲ್ಲ. ತೊಳೆದಿಟ್ಟ ಸ್ಟೀಲು ಲೋಟದ ಹಾಗೆ ಅಷ್ಟು ಶುಭ್ರವಾಗಿತ್ತು. ಕೊನೆಯ ಎಳೆತ ಬಂದಾಗ ನಾನು ಟಕ್ ಎನ್ನುವುದನ್ನು ಕಾದೆ, ಬರಲಿಲ್ಲ. ಪಿಟೀಲು ಇನ್ನೂ ಮುಂದಕ್ಕೆ ಹೋಯಿತು, ನಾನೆಂದೂ ಸರಿಯಾಗಿ ನೆನಪಿಟ್ಟುಕೊಳ್ಳದ ಜಾಗಕ್ಕೆ ಹೋಗಿ ಅಲ್ಲಿ ಮೆಲ್ಲಗೆ ನಿಂತಿತು. ಆಮೇಲೆ ಮೃದಂಗ. ಟೊಕ್ಕು... ಟೊಕ್ಕು ಟೊಕ್ಕು. ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಷ್ಟರಲ್ಲಿ ಮೋರ್ಚಿಂಗು ಬೊಯ್ ಬೊಯ್ ಎನ್ನತೊಡಗಿತು, ಹಿಂದೆಯೇ ಕೊಳಲಿನಲ್ಲಿ ಯಾರೋ ಕೋಳಿ ಕೂಗಿದ ಹಾಗೆ ಕೂಗಿದರು. ಯಾವನೋ ಕೋಳಿ ಕದಿಯಲು ತುದಿಗಾಲಲ್ಲಿ ಹೋಗುತ್ತಿದ್ದ.

ಅಮ್ಮ ನಕ್ಕಳು. ನನಗೂ ತಡೆಯಲಾಗಲಿಲ್ಲ. ಇದಕ್ಕೆ ಅವಳು ಅಪ್ಪನ್ನ ಕರ್ಕೊಂಡ್ ಬರ್ತಿದ್ಲಾ ಎಂದು ಅಮ್ಮ ನಗುತ್ತಲೇ ಇದ್ದಳು, ಕಣ್ಣಲ್ಲಿ ನೀರು ಬರುವವರೆಗೂ. ಆ ನೀರು ಆಮೇಲೂ ನಿಲ್ಲಲಿಲ್ಲ. ಜಗುಲಿಯಲ್ಲಿ ಕೂತು ನಾವೆಲ್ಲ ಕೇಳಿದ್ದು ಇದೇ ಮೋರ್ಚಿಂಗು, ಇದೇ ಕೋಳಿ. ಅತ್ತೆ ಧ್ವನಿ ತಗ್ಗಿಸಿ, ಅದು ಅಪ್ಪ, ಎನ್ನುತ್ತಿದ್ದಳು. ಒಬ್ಬರಿಗಾದರೂ ನಗು ಬಂದಿರಲಿಲ್ಲ.

ಕೋಳಿ ಕಳ್ಳ ಹೋದ. ಸ್ವಲ್ಪವೂ ಎಡವದೆ ನಾಗಸ್ವರ ಶುರುವಾಯಿತು. ಎಲ್ಲ ಇತ್ತು, ಎಲ್ಲ ಸರಿಯಾಗಿತ್ತು. ಅಪ್ಪ ಬರುವ ಜಾಗಕ್ಕೆ ಬಂದಿದ್ದ, ಮದುವೆಯೂ ನಡೆಯುತ್ತಿತ್ತು. ಅತ್ತೆ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಅಮ್ಮ ಮುಖ ಒರೆಸಿಕೊಂಡು, ಸಾಕು ನಿಲ್ಲಿಸು ಎಂದಳು. ಆಮೇಲೆ ಹೇಳಿದಳು.

“ಅವಳದ್ದು ಹಾಕೇ.”

ನನ್ನ ಫೋನು ತೆಗೆದೆ. ಹಾಡಿನ ಮೇಲೆ ಮತ್ತೆ ಆ ಮೆಸೇಜು ಬಂದು ಕೂತಿತ್ತು, ಸರಿ, ಬೇಡ. ಅದನ್ನು ಸರಿಸದೆ ಹಾಡು ಸಿಗುವಂತಿರಲಿಲ್ಲ. ‘ಬೇಡ’ವನ್ನು ಒತ್ತಿದೆ. ಯೋಚನೆ ಮಾಡಿ ಒತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಅಮ್ಮ ಕಾಯುತ್ತಿದ್ದಳು ಎಂದು ಒತ್ತಿದೆ. ಸರಿ ಮಾಡಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಸರ್ ಸರ್ ಎಂದು ಮಳೆ ಹಿಡಿಯಿತು. ಮಳೆಯೊಳಗೆ ಪಿಟೀಲು ಬಂತು. ಅಮ್ಮನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ಒಂದನ್ನೊಂದು ಉಜ್ಜುತ್ತಿದ್ದವು. ಆ ಹುಡುಗಿ ಬಟ್ಟೆಗಂಟು ಹಿಡಿದು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ಟಕ್ ಎಂದಿತು. ಯಾರೂ ಬರಲಿಲ್ಲ.